ಲಕ್ಷ್ಮೇಶ್ವರದ ಬುಡ್ಡೇಸಾಬರ ಎರಡನೇ ಬ್ರೌಸರು

ಬೆಳಗಿನ ನಮಾಜು ಮುಗಿಸಿಕೊಂಡು ಬಂದ ಬುಡ್ಡೇಸಾಬ ಐದೂವರೆಗೆ ಅಂಗಡಿಯ ಶಟರ್ ಎತ್ತುತ್ತಾರೆ. ಲಕ್ಷ್ಮೇಶ್ವರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಆ ಹೊತ್ತಿಗೆ ಎದ್ದಿರುವುದು ಅವರು, ಹಾಲಿನವನು ಮತ್ತು ಎರಡು ನಾಯಿ. ಅಂಗಡಿಯಲ್ಲಿ ಒಂದು ಕಂಪ್ಯೂಟರು, ಒಂದು ಪ್ರಿಂಟರು, ಒಂದು ಬೆಂಚು. ಬಾಗಿಲ ಮೇಲೆ ‘ಆನ್‌ಲೈನ್ ಅರ್ಜಿ ತುಂಬಿ ಕೊಡಲಾಗುವುದು’ ಎಂಬ ಫಲಕ. ಗಿರಾಕಿಗಳು ಬರುವುದು ಒಂಬತ್ತಕ್ಕೆ. ಅದಕ್ಕೆ ಮೊದಲು ಅವರು ಮಾಡುವ ಕೆಲಸವನ್ನು ಮಾಡೆಂದು ಯಾರೂ ಹೇಳಿಲ್ಲ. ಮಾಡಿದ್ದಕ್ಕೆ ಯಾರೂ ಏನೂ ಕೊಟ್ಟಿಲ್ಲ.

ಅವರು ಪ್ರೂಫ್ ನೋಡುತ್ತಾರೆ. ಸುತ್ತಲಿನ ಜನ ಅರ್ಜಿ ಹಾಕುವ ಹದಿನಾಲ್ಕು ವೆಬ್‌ಸೈಟುಗಳನ್ನು ಒಂದೊಂದಾಗಿ ತೆರೆಯುತ್ತಾರೆ. ಮೊದಲು ಎಲ್ಲರೂ ಬಳಸುವ ದೊಡ್ಡ ಬ್ರೌಸರಿನಲ್ಲಿ, ಆಮೇಲೆ ಫೈರ್‌ಫಾಕ್ಸಿನಲ್ಲಿ, ಕಡೆಗೆ ಸೊಸೆ ನಿಶಾತ ಬಳಸಿ ಬಿಟ್ಟ, ಗಾಜು ಬಿರುಕು ಬಿಟ್ಟ ಐಫೋನಿನಲ್ಲಿ. ಹದಿನಾಲ್ಕು ಪುಟ, ಮೂರು ಸಲ, ನಲವತ್ತೆರಡು ಪ್ರೂಫು. ಒಂದರಲ್ಲಿ ಕಂಡದ್ದು ಇನ್ನೊಂದರಲ್ಲಿ ಕಾಣದಿದ್ದರೆ ಆ ಪುಟವನ್ನು ಕಾಗದದ ಮೇಲೆ ಮುದ್ರಿಸಿ, ಕೆಂಪು ಶಾಯಿಯಿಂದ ಗುರುತು ಹಾಕಿ, ಲಕೋಟೆಯಲ್ಲಿಟ್ಟು ಆ ವೆಬ್‌ಸೈಟಿನವರಿಗೆ ಅಂಚೆಯಲ್ಲಿ ಕಳಿಸುತ್ತಾರೆ.

ಫೈರ್‌ಫಾಕ್ಸಿನ ಗುರುತಿನಲ್ಲಿ ಸುರುಳಿ ಸುತ್ತಿಕೊಂಡ ಕೇಸರಿ ಪ್ರಾಣಿಯೊಂದಿದೆ. ಓಣಿಯವರೆಲ್ಲ ಅದನ್ನು ನರಿ ಎನ್ನುತ್ತಾರೆ. ಆರು ಗಂಟೆಗೆ ಚಹಾ ತಂದ ಹೆಂಡತಿ ರೋಶನಬಿ ಕಪ್ಪನ್ನು ಕೀಬೋರ್ಡಿನಿಂದ ದೂರ ಇಟ್ಟು, ಇವರ ಬಗ್ಗೆ ಬರೆಯಲೆಂದು ಬಂದು ಬೆಂಚಿನ ಮೇಲೆ ಕುಳಿತ ನನ್ನ ಕಡೆ ತಿರುಗುತ್ತಾರೆ.

“ಮಾಸ್ತರ, ಮುಂಜಾನೆದ್ದು ನರಿ ಮಾರಿ ನೋಡಿದ್ರ ಛಲೋ ಆಕ್ಕೈತಿ ಅಂತಾರ. ಇವರು ಆರು ವರ್ಷದಿಂದ ದಿನಾ ನೋಡಾಕತ್ಯಾರ. ನಮ್ಮನಿ ಫ್ಯಾನ್ ಇನ್ನೂ ಕಿರ್ ಅಂತೈತಿ.”

“ಫ್ಯಾನಿಗೂ ನರಿಗೂ ಏನ್ ಸಂಬಂಧ?” ಎನ್ನುತ್ತಾರೆ ಬುಡ್ಡೇಸಾಬ, ಪರದೆಯಿಂದ ಕಣ್ಣು ತೆಗೆಯದೆ.

“ನಿಮಗ ಫ್ಯಾನಿನ ಸಪ್ಪಳ ಕೇಳೂದಿಲ್ಲ. ಅದ ಸಂಬಂಧ.”

ಇವತ್ತು ರೋಶನಬಿಯ ಹಾಸ್ಯದ ಹಿಂದೆ ಚಿಂತೆಯೂ ಇದೆ. ಈ ಕೇಂದ್ರ ನಡೆಯುವುದು ಒಂದು ಕಂಪನಿ ಕೊಟ್ಟ ಲಾಗಿನ್ ಐಡಿಯಿಂದ. ಆ ಕಂಪನಿಯಿಂದ ಹದಿನೈದು ದಿನಗಳ ಹಿಂದೆ ಆದೇಶ ಬಂದಿದೆ. ಎಲ್ಲ ಕೇಂದ್ರಗಳಲ್ಲೂ ಕಂಪನಿ ಹೇಳಿದ ಒಂದೇ ಬ್ರೌಸರು ಇರಬೇಕು, ಉಳಿದವನ್ನು ತೆಗೆಯಬೇಕು, ತಪ್ಪಿದರೆ ಐಡಿ ಬಂದ್. ತಪಾಸಣೆಗೆ ಗದಗಿನಿಂದ ಮೇಲ್ವಿಚಾರಕರು ಇವತ್ತೇ ಬರುತ್ತಾರೆ. ಐಡಿ ಹೋದರೆ ಅಂಗಡಿ ಮುಚ್ಚಬೇಕು, ನರಿ ಹೋದರೆ ಪ್ರೂಫ್ ನೋಡುವುದು ನಿಲ್ಲಬೇಕು. ಅರವತ್ತೊಂದು ವರ್ಷದ ಬುಡ್ಡೇಸಾಬ ಈ ಎರಡರ ನಡುವೆ ಕುಳಿತು ಚಹಾ ಕುಡಿಯುತ್ತಿದ್ದಾರೆ.

ಒಂದು ಬ್ರೌಸರಿಗಾಗಿ ಇಷ್ಟು ಹಟ ಏಕೆ ಎಂದು ಓದುಗರು ಕೇಳಬಹುದು. ನಾನೂ ಕೇಳಿದೆ. ಉತ್ತರ ಅವರ ಹಳೆಯ ಕಸುಬಿನಲ್ಲಿದೆ. ಬುಡ್ಡೇಸಾಬ ಗದಗಿನ ಒಂದು ಮುದ್ರಣಾಲಯದಲ್ಲಿ ಇಪ್ಪತ್ತೆರಡು ವರ್ಷ ಅಚ್ಚಿನ ಮೊಳೆ ಜೋಡಿಸಿದವರು. ಮದುವೆ ಪತ್ರಿಕೆ, ಪಂಚಾಂಗ, ಚುನಾವಣೆಯ ಕರಪತ್ರ, ಎಲ್ಲವೂ ಅವರ ಬೆರಳಿನ ಕೆಳಗೆ ಹಾದುಹೋಗಿವೆ. ಮೊಳೆಗಳ ಕಾಲ ಮುಗಿದು ಮುದ್ರಣಾಲಯ ಬಾಗಿಲು ಹಾಕಿದಾಗ ಅವರಿಗೆ ಉಳಿದದ್ದು ಸೀಸ ಹತ್ತಿ ಕಪ್ಪಾದ ಉಗುರು ಮತ್ತು ಒಂದು ಪದ್ಧತಿ. ಜೋಡಿಸಿದವನು ತನ್ನ ಪ್ರೂಫನ್ನು ತಾನೇ ನೋಡಬಾರದು ಎಂಬುದು ಆ ಪದ್ಧತಿ.

“ತಾ ಮಾಡಿದ ತಪ್ಪು ತನ್ನ ಕಣ್ಣಿಗೆ ಕಾಣೂದಿಲ್ರಿ. ನಾ ಒಮ್ಮೆ ಲಗ್ನಪತ್ರಿಕಿವಳಗ ಮದುಮಗನ ಹೆಸರಿನ ಜಾಗಾದಾಗ ಅವರಪ್ಪನ ಹೆಸರು ಕೂಡಿಸಿದ್ದೆ. ನಾನ ಮೂರು ಸಲ ಓದೇನಿ, ಕಂಡಿಲ್ಲ. ಬಾಜೂ ಕುಂತಿದ್ದ ಕನಕರಾಜ ಒಂದ ಸಲ ನೋಡಿ, ಲೇ ಬುಡ್ಡ್ಯಾ, ಮುದುಕಂಗ ಮತ್ತೊಂದು ಲಗ್ನ ಮಾಡಾಕತ್ತಿಯಲ್ಲೋ ಅಂದ.”

ಬ್ರೌಸರನ್ನು ಅವರು ಈ ಕಣ್ಣಿನಿಂದಲೇ ನೋಡುತ್ತಾರೆ. ವೆಬ್‌ಸೈಟು ನಮ್ಮ ಕಂಪ್ಯೂಟರಿಗೆ ಚಿತ್ರವಾಗಿ ಬರುವುದಿಲ್ಲ, ಹಸ್ತಪ್ರತಿಯಾಗಿ ಬರುತ್ತದೆ. ಇಲ್ಲಿ ತಲೆಬರಹ, ಇಲ್ಲಿ ಪಟ, ಇಲ್ಲಿ ಗುಂಡಿ ಎಂಬ ಸೂಚನೆಗಳು ಅದರಲ್ಲಿರುತ್ತವೆ. ಅವನ್ನು ಓದಿ ಪುಟವನ್ನು ಜೋಡಿಸುವುದು ಬ್ರೌಸರಿನೊಳಗಿನ ಇಂಜಿನ್. ಹೊರಗೆ ಹೆಸರು ಬೇರೆ, ಬಣ್ಣ ಬೇರೆ ಇರುವ ಹತ್ತಾರು ಬ್ರೌಸರುಗಳ ಒಳಗೆ ಕೆಲಸ ಮಾಡುತ್ತಿರುವುದು ಒಂದೇ ಇಂಜಿನ್. ದೊಡ್ಡ ಪ್ರಮಾಣದಲ್ಲಿ ಬಳಕೆಯಲ್ಲಿರುವ ಬೇರೆ ಬೇರೆ ಇಂಜಿನ್‌ಗಳು ಜಗತ್ತಿನಲ್ಲೇ ಈಗ ಮೂರು: ದೊಡ್ಡದರದು, ನರಿಯದು, ಐಫೋನಿನದು.

“ಆರು ಖಾನಾವಳಿ, ಆರು ಬೋರ್ಡು. ಒಳಗ ಹೋದ್ರ ಒಬ್ಬಾಕಿನ ಅಡಗಿ ಮಾಡಾಕತ್ತಾಳ. ಉಪ್ಪು ಹೆಚ್ಚಾತಂದ್ರ ಆರೂ ಕಡೆ ಹೆಚ್ಚು,” ಎನ್ನುತ್ತಾರೆ ಬುಡ್ಡೇಸಾಬ. “ನಾಳೆ ಒಂದ ಇಂಜಿನ್ ಉಳೀತಂತ ತಿಳೀರಿ. ಅದು ಮಾಡಿದ ತಪ್ಪನ ಸರಿ ಅನಸ್ತೈತಿ. ತಪ್ಪು ಅನ್ನಾಕ ಬಾಜೂ ಯಾರ್ ಇರ್ತಾರ?”

ಹಾಗೆಂದು ನರಿಯ ಮೇಲೆ ಅವರಿಗೆ ಕುರುಡು ಪ್ರೀತಿಯಿಲ್ಲ. ನರಿಯೂ ಎಡವುತ್ತದೆ. ಹೋದ ತಿಂಗಳು ಒಂದು ಪುಟದ ಅರ್ಧವನ್ನು ಅದು ಬಲಗಡೆಯ ಅಂಚಿನಾಚೆ ತಳ್ಳಿತ್ತು, ದೊಡ್ಡದರಲ್ಲಿ ಎಲ್ಲವೂ ಸರಿಯಾಗಿತ್ತು. ಯಾವುದು ಗೆದ್ದಿತು ಎನ್ನುವುದು ಅವರಿಗೆ ಮುಖ್ಯವಲ್ಲ. ಎರಡರಲ್ಲೂ ನೋಡಿದೆವೇ ಎನ್ನುವುದೇ ಮುಖ್ಯ.

ಆರು ವರ್ಷಗಳಲ್ಲಿ ಅಂಚೆಗೆ ಹಾಕಿದ ಪ್ರೂಫುಗಳು ಇನ್ನೂರ ಹನ್ನೆರಡು. ಬಂದ ಉತ್ತರಗಳು ಒಂಬತ್ತು. ಅವುಗಳಲ್ಲಿ ನಾಲ್ಕು, ತಪ್ಪು ತಿದ್ದಿದ್ದೇವೆ ಎಂದವು. ಮೂರು, ತಾವು ಯಾರು ಎಂದು ಕೇಳಿದವು. ಒಂದು ಸಂಸ್ಥೆಯವರು ಕೆಂಪು ಗುರುತುಗಳನ್ನು ಕಂಡು ಇದೇನೋ ಮಾಟದ ಯಂತ್ರ ಇರಬಹುದೆಂದು ಹೆದರಿ ಕಾಗದವನ್ನು ವಾಪಸ್ ಕಳಿಸಿದರು. ಇನ್ನೊಬ್ಬರು, ದೂರುಗಳನ್ನು ಅಂಚೆಯಲ್ಲಿ ಸ್ವೀಕರಿಸುವುದಿಲ್ಲ, ನಮ್ಮ ವೆಬ್‌ಸೈಟಿನ ದೂರಿನ ಪುಟದಲ್ಲಿ ದಾಖಲಿಸಿ ಎಂದು ಬರೆದರು. ಬುಡ್ಡೇಸಾಬರ ದೂರು ಇದ್ದದ್ದೇ ಆ ಪುಟ ತೆರೆಯುವುದಿಲ್ಲ ಎಂದು.

ನಾನು ಅವರನ್ನು ಮೊದಲು ಕಂಡದ್ದು ನಾಲ್ಕು ತಿಂಗಳ ಹಿಂದೆ, ರೇಷನ್ ಕಾರ್ಡಿನಿಂದ ನಮ್ಮ ಮನೆಯಾಕೆಯ ಹೆಸರು ತೆಗೆಸಲು ಹೋದಾಗ. ದೇವರು ಮನುಷ್ಯರನ್ನು ಕರೆದುಕೊಳ್ಳುತ್ತಾನೆ, ಕಾಗದದ ಕೆಲಸವನ್ನು ನಮಗೆ ಬಿಡುತ್ತಾನೆ. ಎಲ್ಲ ತುಂಬಿದ ಮೇಲೆ ಅವರು ಕುರ್ಚಿಯಿಂದ ಎದ್ದು ನಿಂತರು. “ಈ ಗುಂಡಿ ನೀವ ಒತ್ರಿ ಮಾಸ್ತರ. ನನ್ನ ಕೈಯಿಂದ ಆಗೂದು ಬ್ಯಾಡ,” ಎಂದರು. ಆಮೇಲೆ ಎರಡೂ ಬ್ರೌಸರಿನಲ್ಲಿ ಕಾರ್ಡನ್ನು ತೆರೆದು, ಹೋಗಿರುವುದು ಒಂದೇ ಹೆಸರು, ಉಳಿದವರೆಲ್ಲ ಇದ್ದಾರೆ ಎಂದು ಬೆರಳಿಟ್ಟು ಎಣಿಸಿ ತೋರಿಸಿದರು.

ಒಂಬತ್ತಕ್ಕೆ ಮೊದಲ ಗಿರಾಕಿ ಬರುತ್ತಾರೆ. ಬಾಳೆಹೊಸೂರಿನ ಕಳಕಪ್ಪ, ರೈತರು. ದಿನಕ್ಕೆ ಬರುವ ಐವತ್ತು ಅರವತ್ತು ಜನರಲ್ಲಿ ಬುಡ್ಡೇಸಾಬರ ಪರವಾಗಿ ಜಗಳಕ್ಕೂ ತಯಾರಿರುವವರು ಇವರೊಬ್ಬರೇ. ಕಾರಣವಿದೆ. ಹೋದ ವರ್ಷ ಒಂದು ಖಾಸಗಿ ವಿದ್ಯಾರ್ಥಿ ನಿಲಯಕ್ಕೆ ಮಗಳ ಅರ್ಜಿ ಹಾಕುವಾಗ ದೊಡ್ಡ ಬ್ರೌಸರಿನಲ್ಲಿ ಆರು ಪ್ರಶ್ನೆ ಕಂಡವು, ನರಿಯಲ್ಲಿ ಹತ್ತು. ಉಳಿದ ನಾಲ್ಕು ಪ್ರಶ್ನೆಗಳು ದೊಡ್ಡದರಲ್ಲಿ ಅಧ್ಯಕ್ಷರ ಭಾವಚಿತ್ರದ ಹಿಂದೆ ಅಡಗಿದ್ದವು.

“ನಾ ಕಾಕಾಗ ಹೇಳಿದೆ, ಅಧ್ಯಕ್ಷರನ್ನ ಒಂದೀಟು ಆ ಕಡೆ ಸರಸ್ರಿ ಅಂತ,” ಎಂದು ಕಳಕಪ್ಪ ನೆನೆಯುತ್ತಾರೆ. “ಅವರು, ಅಧ್ಯಕ್ಷರು ಯಾವಾಗರ ಕುರ್ಚಿ ಬಿಟ್ಟು ಸರದದ್ದು ನೋಡೀಯೇನು, ನರಿಯಾಗ ನೋಡೂಣು ತಡಿ ಅಂದ್ರು. ನಮ್ಮೂರಿಂದ ಏಳು ಅರ್ಜಿ ಹೋಗಿದ್ದು, ಪೂರಾ ಇದ್ದದ್ದು ನಮ್ದೊಂದ. ಈಗ ನನ್ನ ಮಗಳು ಅಲ್ಲೇ ಇದ್ದು ಓದಾಕತ್ತಾಳ.”

ಹನ್ನೊಂದಕ್ಕೆ ಮೇಲ್ವಿಚಾರಕ ದೇವೇಂದ್ರಪ್ಪ ಬಸ್ಸಿನಿಂದ ಇಳಿದು ಬರುತ್ತಾರೆ. ಮೂವತ್ತರ ಆಸುಪಾಸಿನ ಸಭ್ಯ ಮನುಷ್ಯ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ನೋಡಬೇಕಾದ ಕೇಂದ್ರಗಳ ಪಟ್ಟಿ. ಇಲ್ಲಿಂದ ಶಿರಹಟ್ಟಿ, ಸಂಜೆಯೊಳಗೆ ಮುಂಡರಗಿ.

“ಚಾಚಾ, ನಿಮ್ಮ ಮ್ಯಾಲ ನನಗೇನೂ ಸಿಟ್ಟಿಲ್ಲ,” ಎಂದು ಅವರು ಕುಳಿತುಕೊಳ್ಳುವ ಮೊದಲೇ ಹೇಳುತ್ತಾರೆ. “ಮ್ಯಾಲಿನವರ ಆದೇಶ ಐತಿ. ಅದೊಂದು ತಗದಬಿಡ್ರಿ, ನಾ ಹೌದು ಅಂತ ಟಿಕ್ ಮಾಡಿ ಹೋಕ್ಕೇನಿ.”

“ಅದನ್ಯಾಕ ತಗೀತೀರಿ?” ಎಂದು ಕಳಕಪ್ಪ ಬೆಂಚಿನಿಂದ ಎದ್ದೇ ಬಿಡುತ್ತಾರೆ. “ಅದೇನ ನಿಮ್ಮ ಕೋಳಿ ತಿಂದೈತೇನು?”

“ಕುಂಡ್ರೋ ಕಳಕಪ್ಪ,” ಎನ್ನುತ್ತಾರೆ ಬುಡ್ಡೇಸಾಬ. “ಸಾಹೇಬರಿಗೆ ಚಾ ಹೇಳು.” ಅವರು ಮೌಸನ್ನು ಹಿಡಿಯುತ್ತಾರೆ. ನರಿಯ ಚಿತ್ರದ ಪಕ್ಕದಲ್ಲಿ ‘ತೆಗೆದುಹಾಕು’ ಎಂಬ ಸಾಲು ಬರುತ್ತದೆ. ಒಳಬಾಗಿಲಲ್ಲಿ ನಿಂತ ರೋಶನಬಿ ಸೆರಗನ್ನು ಬಾಯಿಗೆ ಹಿಡಿದಿದ್ದಾರೆ. ಬೆರಳು ಒತ್ತುವುದೊಂದು ಬಾಕಿ.

“ಒಂದು ಮಾತು,” ಎಂದು ಬುಡ್ಡೇಸಾಬ ಕೈ ತಡೆಯುತ್ತಾರೆ. “ನಿಮ್ಮ ವರದಿ ಇದ ಕಂಪ್ಯೂಟರಿನಿಂದನ ಹೋಗಬೇಕಲ್ರಿ? ಮೊದ್ಲ ತುಂಬಿ ಇಟ್ಟಬಿಡ್ರಿ. ಟಿಕ್ ಒಂದು ಉಳಸ್ರಿ.”

ದೇವೇಂದ್ರಪ್ಪ ಕಂಪನಿ ಒಪ್ಪಿದ ಬ್ರೌಸರಿನಲ್ಲಿ ವರದಿಯ ಪುಟ ತೆರೆಯುತ್ತಾರೆ. ಕಂಪನಿಗೆ ಹತ್ತು ವರ್ಷ ತುಂಬಿದ ಸಂಭ್ರಮಕ್ಕೆ ಹಿಂದಿನ ದಿನವಷ್ಟೇ ಯಾರೋ ಆ ಪುಟಕ್ಕೆ ಮಾವಿನ ತೋರಣ ಕಟ್ಟಿದ್ದಾರೆ. ಕಟ್ಟಿದವರು ತಿರುಗಿ ನೋಡಿಲ್ಲ. ತೋರಣ ಮೇಲಿರುವ ಬದಲು ಕೆಳಗೆ ಜಾರಿ, ‘ಸಲ್ಲಿಸಿ’ ಎಂಬ ಗುಂಡಿಯ ಮೇಲೆ ಸೊಂಪಾಗಿ ಕುಳಿತಿದೆ. ದೇವೇಂದ್ರಪ್ಪ ಎಲೆಗಳ ಸಂದಿಯಲ್ಲಿ ಒತ್ತಿ ನೋಡುತ್ತಾರೆ. ಪುಟವನ್ನು ಸಣ್ಣದು ಮಾಡುತ್ತಾರೆ, ತೋರಣವೂ ಸಣ್ಣದಾಗಿ ಅಲ್ಲೇ ಇರುತ್ತದೆ. ತಮ್ಮ ಫೋನಿನಲ್ಲಿ ಬೇರೆ ಹೆಸರಿನ ಬ್ರೌಸರು ತೆರೆಯುತ್ತಾರೆ. ಅಲ್ಲಿಯೂ ಅದೇ ಎಲೆ, ಅದೇ ಜಾಗ.

“ಹೆಸರು ಬ್ಯಾರೆ, ಒಳಗ ಅದ ಇಂಜಿನ್,” ಎಂದು ಬುಡ್ಡೇಸಾಬ ಮೆಲ್ಲಗೆ ಹೇಳುತ್ತಾರೆ. ನರಿಯಲ್ಲಿ ಪುಟ ತೆರೆದರೆ ತೋರಣ ತನ್ನ ಜಾಗದಲ್ಲಿ, ಮೇಲೆ, ಮಂಗಳಕರವಾಗಿ ತೂಗುತ್ತಿದೆ. ಗುಂಡಿ ಕೆಳಗೆ ಬರಿದಾಗಿ ಕಾಯುತ್ತಿದೆ.

ದೇವೇಂದ್ರಪ್ಪ ನೆತ್ತಿ ಕೆರೆದುಕೊಳ್ಳುತ್ತಾರೆ. ನರಿಯನ್ನು ತೆಗೆದರೆ ವರದಿ ಹೋಗುವುದಿಲ್ಲ. ತೆಗೆಯದೆ ಹೌದು ಎಂದು ಬರೆದರೆ ಸುಳ್ಳಾಗುತ್ತದೆ. ವರದಿಯೇ ಹೋಗದಿದ್ದರೆ ಸಂಜೆಯೊಳಗೆ ಅವರದೇ ಹಾಜರಿ ತಪ್ಪುತ್ತದೆ.

“ಹಂಗಾರ ಏನ್ ಮಾಡೂದ್ರಿ?”

“ನೀವು ಸಾಹೇಬ್ರು. ನೀವ ಹೇಳ್ರಿ.”

ಕಳಕಪ್ಪ ನಗು ತಡೆಯಲಾರದೆ ಓಣಿಗೆ ಹೋಗಿ ನಿಲ್ಲುತ್ತಾರೆ. ದೇವೇಂದ್ರಪ್ಪ ಚಹಾ ಮುಗಿಸುವವರೆಗೆ ಯೋಚಿಸಿ, ನರಿಯಲ್ಲೇ ಕುಳಿತು ವರದಿ ತುಂಬುತ್ತಾರೆ. ‘ಬೇರೆ ಬ್ರೌಸರ್ ತೆಗೆಸಲಾಗಿದೆಯೇ?’ ಎಂಬಲ್ಲಿ ‘ಇಲ್ಲ’ ಎಂದು ಒತ್ತುತ್ತಾರೆ. ಕಾರಣ ಕೇಳುವ ಜಾಗದಲ್ಲಿ ಎರಡು ಬೆರಳಿನಿಂದ ನಿಧಾನವಾಗಿ ಬರೆಯುತ್ತಾರೆ: ‘ಅದನ್ನು ತೆಗೆದಿದ್ದರೆ ಈ ವರದಿ ನಿಮಗೆ ಬರುತ್ತಿರಲಿಲ್ಲ.’ ಸಲ್ಲಿಸಿ, ಹಣೆ ಒರೆಸಿಕೊಂಡು, ಶಿರಹಟ್ಟಿಯ ಬಸ್ಸು ಹಿಡಿಯಲು ಹೊರಡುತ್ತಾರೆ. ರೋಶನಬಿ ಅವರಿಗೆ ಎರಡನೇ ಕಪ್ ಚಹಾ ಕೊಡದೆ ಬಿಡುವುದಿಲ್ಲ.

ಮೇಲಿನವರು ಏನು ಹೇಳಿದರು ಎಂದು ತಿಳಿಯಲು ಹತ್ತು ದಿನ ಬಿಟ್ಟು ಮತ್ತೆ ಹೋಗುತ್ತೇನೆ. ಐಡಿ ನಡೆಯುತ್ತಿದೆ. ಕಂಪನಿಯಿಂದ ಬಂದದ್ದು ಒಂದೇ ಸಾಲು: ‘ಒಂದು ಹೆಚ್ಚುವರಿ ಬ್ರೌಸರ್ ಇಟ್ಟುಕೊಳ್ಳಲು ಅಡ್ಡಿಯಿಲ್ಲ.’ ಬುಡ್ಡೇಸಾಬ ಅದನ್ನೂ ಮುದ್ರಿಸಿ ಕೆಂಪು ಶಾಯಿ ಹಿಡಿದು ಪರೀಕ್ಷಿಸಿದ್ದಾರೆ, ತಪ್ಪೇನೂ ಸಿಕ್ಕಿಲ್ಲ. ಅದಕ್ಕಿಂತ ಹೆಚ್ಚಿನ ಸುದ್ದಿಯನ್ನು ರೋಶನಬಿ ಹೇಳುತ್ತಾರೆ. ತಪಾಸಣೆಯ ದಿನವೇ ಸಂಜೆ ಮುಂಡರಗಿಯಿಂದ ದೇವೇಂದ್ರಪ್ಪನ ಫೋನು ಬಂತಂತೆ. ಅಲ್ಲಿಯ ಕೇಂದ್ರದಲ್ಲಿ ನರಿಯನ್ನು ಮೊದಲೇ ತೆಗೆದುಬಿಟ್ಟಿದ್ದರಂತೆ. ವರದಿ ಹೋಗವಲ್ದು, ಆ ನರಿಯನ್ನು ವಾಪಸ್ ಹಾಕುವುದು ಹೇಗೆ ಹೇಳ್ರಿ ಚಾಚಾ ಎಂದು ಕೇಳಿದರಂತೆ. ಬುಡ್ಡೇಸಾಬ ಅರ್ಧ ತಾಸು ಫೋನಿನಲ್ಲಿ ಒಂದೊಂದೇ ಹೆಜ್ಜೆ ಹೇಳಿಕೊಟ್ಟರು. ಈಗ ತಾಲೂಕು ತಾಲೂಕಿನ ಕೇಂದ್ರಗಳಲ್ಲಿ ದೇವೇಂದ್ರಪ್ಪನೇ ನಿಂತು ನರಿಯನ್ನು ಹಾಕಿಸುತ್ತಿದ್ದಾರೆ.

“ಇನ್ನೇನು, ಎಲ್ಲರೂ ನರಿಗೇ ಬಂದುಬಿಡುತ್ತಾರೆ. ನಿಮ್ಮ ಆಸೆ ತೀರಿದಂತಾಯಿತು,” ಎನ್ನುತ್ತೇನೆ.

ಬುಡ್ಡೇಸಾಬ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಾರೆ.

“ಅದು ಆಸೆ ಅಲ್ರಿ ಮಾಸ್ತರ, ಅದೂ ಹೆದರಿಕಿನ. ಹಂಗೇನರ ಆತು ಅಂದ್ರ, ಆಗ ನಾ ಆ ದೊಡ್ಡದನ್ನ ಎರಡನೇದು ಅಂತ ಕಾಪಾಡಿ ಇಟ್ಕೊಂತೇನಿ.”