ನಿರುಪಯುಕ್ತ ಕುರುಚಲು

ಸರಕಾರಿ ನಮೂನೆಗಳಲ್ಲಿ ನನಗೆ ಅತ್ಯಂತ ಪ್ರಿಯವಾದ ಅಂಕಣವೆಂದರೆ ‘ಇತರೆ’. ಹೆಸರು, ಊರು, ವಿಸ್ತೀರ್ಣ ಎಂದು ಠೀವಿಯಿಂದ ಹೊರಟ ನಮೂನೆ, ಜಗತ್ತು ತನ್ನ ಗೆರೆಗಳೊಳಗೆ ಹಿಡಿಸುವುದಿಲ್ಲವೆಂದು ತಿಳಿದ ಕೂಡಲೇ ಮಿಕ್ಕದ್ದನ್ನೆಲ್ಲ ಈ ಅಂಕಣಕ್ಕೆ ತುರುಕಿ ನಿಟ್ಟುಸಿರು ಬಿಡುತ್ತದೆ. ನೀವು ಎಂದಾದರೂ ಗುಮಾಸ್ತಿಕೆ ಮಾಡಿದ್ದರೆ ಅದರ ಔದಾರ್ಯವನ್ನು ಬಲ್ಲಿರಿ. ಅದಿಲ್ಲದ ನಮೂನೆಯೊಂದು ಕೈಗೆ ಬಂದದ್ದೇ ನನ್ನ ಜೀವಮಾನದ ಒಂದು ಅವಿವೇಕಕ್ಕೆ ಕಾರಣವೆಂದು ಬಹಳ ವರ್ಷ ನನ್ನನ್ನು ನಾನೇ ಸಮಾಧಾನಪಡಿಸಿಕೊಂಡಿದ್ದೆ. ಈಗ ಆ ಸಮಾಧಾನವೂ ಉಳಿದಿಲ್ಲ.

ಜೇವರ್ಗಿಯಲ್ಲಿ ಹುಟ್ಟಿ, ಅಫಜಲಪುರದಲ್ಲಿ ಓದಿ, ಎಂಬತ್ತರ ದಶಕದ ಕೊನೆಯಲ್ಲಿ ನಾನು ಆಳಂದ ತಾಲೂಕಿನ ಒಂದು ಮಂಡಲ ಪಂಚಾಯತಿಗೆ ಕಾರ್ಯದರ್ಶಿಯಾಗಿ ಹೋದೆ. ಊರಿನ ಹೆಸರು ಬೇಡ; ನರೋಣಾದ ಬಸ್ಸಿನಲ್ಲಿ ಅಲ್ಲಿಯವರು ಸಿಕ್ಕರೆ ಇಂದಿಗೂ ನನ್ನನ್ನು ನೋಡಿ ನಗುತ್ತಾರೆ. ಮಳೆ ವರ್ಷವರ್ಷಕ್ಕೂ ಕಣ್ಣು ತಪ್ಪಿಸುತ್ತಿದೆ, ಬಂದಾಗ ಹಳ್ಳದ ದಂಡೆಯನ್ನೇ ಕೊಚ್ಚಿಕೊಂಡು ಹೋಗುತ್ತಿದೆ, ಆದ್ದರಿಂದ ನಿಸರ್ಗ ರಕ್ಷಣೆಗೊಂದು ಯೋಜನೆ ಬರೆದು ಕಳಿಸಿರಿ ಎಂದು ಮೇಲಿನಿಂದ ಕಾಗದ ಬಂತು. ಊರ ಹಳ್ಳವನ್ನು ನಾನು ಬಸ್ಸಿನ ಕಿಟಕಿಯಿಂದ ಎರಡು ಸಲ ನೋಡಿದ್ದೆ. ಯೋಜನೆ ಬರೆಯಲು ಅಷ್ಟು ಅನುಭವ ಧಾರಾಳವಾಯಿತೆಂದು ತಿಳಿದೆ. ದಂಡೆಯುದ್ದಕ್ಕೂ ನೀಲಗಿರಿ ಸಸಿಗಳನ್ನು, ಶಾಲೆಯ ಮಕ್ಕಳು ಪ್ರಾರ್ಥನೆಗೆ ನಿಂತಂತೆ, ನೇರ ಸಾಲಿನಲ್ಲಿ ನೆಡತಕ್ಕದ್ದು ಎಂದು ಬರೆದೆ. ‘ಈಗಿರುವ ಸಸ್ಯ’ ಎಂಬಲ್ಲಿ ಮರ, ಹಣ್ಣು, ಮೇವು ಎಂಬ ಮೂರೇ ಗೆರೆಗಳಿದ್ದವು. ದಂಡೆಯಲ್ಲಿರುವುದು ಇವು ಮೂರೂ ಅಲ್ಲವೆಂದು ನಿರ್ಧರಿಸಿ, ಅಂಚಿನಲ್ಲಿ ಮುದ್ದಾದ ಅಕ್ಷರಗಳಿಂದ, ‘ನಿರುಪಯುಕ್ತ ಕುರುಚಲು, ಪೂರ್ವಭಾವಿಯಾಗಿ ತೆಗೆದುಹಾಕತಕ್ಕದ್ದು’ ಎಂದು ಸೇರಿಸಿದೆ. ‘ಪೂರ್ವಭಾವಿ’ ಎಂಬ ಪದಕ್ಕೆ ನಾನೇ ಮನಸೋತು ಅದನ್ನು ಎರಡು ಸಲ ಓದಿಕೊಂಡೆ. ಸದಸ್ಯರೆಲ್ಲ ರುಜು ಹಾಕಿ, ನಮೂನೆ ತಾಲೂಕಿಗೆ ಹೋಗುವ ಮೊದಲೇ ಕುರುಚಲು ತೆಗೆಸುವುದೆಂದು ಗೊತ್ತುಮಾಡಿದರು.

ಅದೇ ವಾರ ನನ್ನ ಹೆಂಡತಿ ಹೆಣ್ಣುಮಗುವನ್ನು ಹೆತ್ತಳು. ಅವಳಿಗೆ ತಾಯಿ ಇರಲಿಲ್ಲವಾಗಿ ಬಾಣಂತನಕ್ಕೆ ತವರೂ ಇರಲಿಲ್ಲ. ನಮ್ಮ ಬಾಡಿಗೆ ಮನೆಯೇ ತವರಾಯಿತು, ಊರ ಸೂಲಗಿತ್ತಿ ಗುಂಡವ್ವನೇ ತಾಯಿಯಾದಳು. ನಾವು ಆಕೆಯನ್ನು ಆಯಿ ಎನ್ನುತ್ತಿದ್ದೆವು. ದಿನವೂ ಬೆಳಿಗ್ಗೆ ಆಯಿ ಉಡಿಯ ತುಂಬ ಲಕ್ಕಿ ಗಿಡದ ಎಲೆ ತಂದು ಹಂಡೆಯಲ್ಲಿ ಕುದಿಸಿ, ಆ ನೀರನ್ನು ಬಾಣಂತಿಯ ಬೆನ್ನಿನ ಮೇಲೆ ಧಾರೆಧಾರೆಯಾಗಿ ಹೊಯ್ಯುವಳು. ಮನೆಯೆಲ್ಲ ಕಹಿಯಾದೊಂದು ಕಂಪು ತುಂಬುತ್ತಿತ್ತು. ಇರುಳೆಲ್ಲ ಸೊಂಟದ ನೋವಿಗೆ ನರಳುತ್ತಿದ್ದ ಹೆಂಡತಿ, ನೀರೆರೆದುಕೊಂಡ ಮೇಲೆ ಮಗುವನ್ನು ಅವಚಿಕೊಂಡು ಮಧ್ಯಾಹ್ನದವರೆಗೆ ನಿದ್ರಿಸುವಳು. ಆ ನಿದ್ರೆಯನ್ನು ಬಾಗಿಲಲ್ಲಿ ನಿಂತು ನೋಡುವುದೇ ನನಗೆ ಆ ದಿನಗಳ ದೊಡ್ಡ ಸುಖವಾಗಿತ್ತು. ಎಲೆ ಎಲ್ಲಿಂದ ಬರುತ್ತದೆಂದು ಮಾತ್ರ ನಾನು ಕೇಳಲಿಲ್ಲ. ಅಂಥದ್ದನ್ನು ಕೇಳುವ ಬುದ್ಧಿಯಿದ್ದವನು ಯೋಜನೆ ಏಕೆ ಬರೆದಾನು?

ಒಂಬತ್ತನೆಯ ದಿನ ಆಯಿ ಬರಿಗೈಯಲ್ಲಿ ಬಂದಳು.

“ಯವ್ವಾ, ಇವತ್ತ ಬರೇ ಬಿಸಿನೀರ ಹಾಕ್ತೇನಿ. ತಪ್ಪ ತಿಳಕೋಬ್ಯಾಡ ನನ್ನವ್ವಾ. ನಿನ್ನಿಯಿಂದ ಹಳ್ಳದ ದಂಡಿ ಬೋಳಸಾಕತ್ತಾರ. ಈ ಕಡಿ ಲಕ್ಕಿ ಎಲ್ಲಾ ಕಡದು ಸುಟ್ಟಾರ” ಎಂದು ಹೆಂಡತಿಗೆ ಹೇಳಿದಳು. ನನ್ನ ಅಪರಾಧಕ್ಕೆ ಆಕೆ ಕ್ಷಮೆ ಕೇಳುತ್ತಿದ್ದಳು. ನಾನು ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಹಂಡೆಯ ಪಕ್ಕದಲ್ಲೇ ನಿಂತಿದ್ದೆ. ಅಂದು ಹೆಂಡತಿಗೆ ನಿದ್ರೆ ಹತ್ತಲಿಲ್ಲ. ಗೋಡೆಯ ಕಡೆ ತಿರುಗಿ, ನನಗೆ ಕೇಳಿಸದಂತೆ ನರಳಿದಳು. ಅಷ್ಟು ನಾಚಿಕೆ ನನಗೆ ಅದಕ್ಕೆ ಮುಂಚೆ ಎಂದೂ ಆಗಿರಲಿಲ್ಲ.

ಪಂಚಾಯತಿಗೆ ಓಡಿದೆ. ಕಟ್ಟೆಯ ಮೇಲೆ ಸದಸ್ಯರೊಡನೆ ಕುಳಿತಿದ್ದ ಮಂಡಲ ಪ್ರಧಾನರ ಮುಂದೆ, ಯೋಜನೆ ತಪ್ಪಾಗಿದೆ, ದಯವಿಟ್ಟು ಕೆಲಸ ನಿಲ್ಲಿಸಿ, ದಂಡೆಯಲ್ಲಿ ಲಕ್ಕಿ ಇದೆ ಎಂದು ಏದುಸಿರು ಬಿಡುತ್ತ ಹೇಳಿದೆ. ಅವರು ನನ್ನನ್ನು ಆಶ್ಚರ್ಯದಿಂದ ನೋಡಿದರು.

“ಲಕ್ಕಿ ಐತಿ ಅಂತ ನಮಗ ಗೊತ್ತಿಲ್ಲೇನ್ರಿ ಸಾಹೇಬ್ರ? ಇಲ್ಲಿ ಕುಂತವರ ಅವ್ವಂದಿರೆಲ್ಲಾ ಅದರ ನೀರಾಗ ಮಿಂದವ್ರು. ಆದ್ರ ಓದಿದವ್ರು ಬರದೀರಿ, ಅದರಾಗ ಏನೋ ಇರಬೇಕು ಅಂತ ರುಜು ಹಾಕಿದ್ವಿ.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಪ್ರಧಾನರು ತಕ್ಷಣ ಆಳು ಕಳಿಸಿ ಕೆಲಸ ನಿಲ್ಲಿಸಿದರು. ಅಷ್ಟರಲ್ಲಿ ಅರ್ಧ ದಂಡೆ ಬೋಳಾಗಿತ್ತು.

ಸಂಜೆ ಆಯಿಯನ್ನು ಕೂರಿಸಿ, ಬರೆದವನು ನಾನೇ ಎಂದು ಒಪ್ಪಿಕೊಂಡೆ. ಆಕೆ, “ಹಂಗಾರ ಈಗ ಸುದ್ದ ಬರೀರಿ” ಎಂದಳು. ಲಕ್ಕಿ, ತಂಗಡಿ, ಎಕ್ಕಿ, ಬಾರಿ, ಆಡುಸೋಗೆ ಎಂದು ದಂಡೆಯ ಒಂದೊಂದು ಗಿಡದ ಹೆಸರನ್ನೂ ಅದರ ಉಪಕಾರವನ್ನೂ ಹೇಳುತ್ತ ಹೋದಳು. ನಾನು ನಮೂನೆಗೆ ಬೇರೆ ಹಾಳೆ ಅಂಟಿಸಿ ಬರೆಯುತ್ತ ಹೋದೆ. “ದಂಡಿ ಕುಸಿತೈತಿ ಅಂತ ಅಂತೀರಿ. ಇಷ್ಟಾದ್ರೂ ನಿಂತದ್ದು ಇವು ಬೇರ ಬಿಟ್ಟು ಮಣ್ಣ ಹಿಡದದ್ದಕ್ಕರಿ” ಎಂದಳು. ಯಾವುದನ್ನು ಉಳಿಸಲು ಹೊರಟಿದ್ದೆನೋ ಅದರ ಆಧಾರವನ್ನೇ ನಾನು ಕಡಿಸಿದ್ದೆ.

ಬರೆದದ್ದನ್ನೆಲ್ಲ ನಾನು ಓದಿ ಹೇಳಿದ ಮೇಲೆ ಆಕೆ ಕೇಳಿದಳು: “ಇದನ್ನ ಮತ್ತ ಯಾರೂ ಅಳಸೂದಿಲ್ಲಲ್ರಿ?”

ಎರಡು ವರ್ಷಕ್ಕೆ ನನಗೆ ವರ್ಗವಾಗುತ್ತದೆ. ಮುಂದೆ ಬರುವವನೂ ಹಳ್ಳವನ್ನು ಬಸ್ಸಿನಿಂದಲೇ ನೋಡಿರುತ್ತಾನೆ. “ನಾ ಇರೂತನಕ ಇಲ್ಲ ಆಯಿ. ಮುಂದಿಂದು ಹೇಳಾಕ ಆಗೂದಿಲ್ಲ” ಎಂದೆ. ಆಕೆ ತಲೆಯಾಡಿಸಿ ಎದ್ದು ಹೋದಳು.

ಮರುದಿನ ಹಳ್ಳದ ಆಚೆ ತುದಿಯಿಂದ ಉಡಿ ತುಂಬಿಕೊಂಡು ಬಂದಳು. ನೀರೆರೆದಾದ ಮೇಲೆ, ನಿದ್ರೆಗೆ ಜಾರುವ ಮೊದಲು ಹೆಂಡತಿಯ ಮುಂದೆ ಐದು ಬಗೆಯ ಎಲೆ ಹರಡಿ, ಒಂದೊಂದನ್ನೇ ಮೂಸಿ ನೋಡಿಸಿ ಹೆಸರು ಹೇಳಿಸಿದಳು. ಹೆಂಡತಿ ಐದನ್ನೂ ಸರಿಯಾಗಿ ಹೇಳಿದಳು. ಆಮೇಲೆ ಆಯಿ ನನ್ನನ್ನೂ ಕರೆದು ಕೂರಿಸಿದಳು. ಪಟ್ಟಿ ಬರೆದು, ಮೊಹರು ಒತ್ತಿ ತಾಲೂಕಿಗೆ ಕಳಿಸಲಿದ್ದ ನಾನು, ಐದರಲ್ಲಿ ಎರಡನ್ನು ತಪ್ಪು ಹೇಳಿದೆ. ಹೆಂಡತಿ ಹೆತ್ತ ಮೇಲೆ ಮೊದಲ ಸಲ, ಸೊಂಟ ಹಿಡಿದುಕೊಂಡು, ಜೋರಾಗಿ ನಕ್ಕಳು. ಆಯಿ ನಗಲಿಲ್ಲ. ಎಲೆಗಳನ್ನು ಕಲಸಿ ಮತ್ತೆ ನನ್ನ ಮುಂದಿಟ್ಟು, “ಇನ್ನೊಮ್ಮಿ ಹೇಳ್ರಿ” ಎಂದಳು.