ಸ್ವಂತವೋ, ಬಾಡಿಗೆಯೋ

ಮನೆಗೆ ಬಂದವರಿಗೆ ಬಡಗಿಯ ಹೆಂಡತಿ ಮೊದಲು ತೋರಿಸುತ್ತಿದ್ದದ್ದು ಗೋಡೆಯ ಮೊಳೆಗಳನ್ನು. ಮದುವೆಯಾದಾಗಿನಿಂದ, ಬೆಕ್ಕು ಮರಿ ಕಚ್ಚಿಕೊಂಡು ತಿರುಗಿದ ಹಾಗೆ, ಪಾತ್ರೆ-ಪಗಡ ಹೊತ್ತು ಬಾಡಿಗೆ ಮನೆ ಬದಲಿಸಿದವಳು ಅವಳು. ಒಬ್ಬ ಮಾಲೀಕ ಮನಸ್ಸು ಬಂದಾಗ ನೀರು ಬಿಡುತ್ತಿದ್ದ. ಇನ್ನೊಬ್ಬಳು ಗೋಡೆಗೆ ಮೊಳೆ ಹೊಡೆದರೆ ತನ್ನ ಎದೆಗೇ ಹೊಡೆದಂತೆ ಕೂಗಾಡುತ್ತಿದ್ದಳು. ಕೊನೆಗೂ ಗಂಡ ಎರಡು ಕೋಣೆಯ ಮನೆ ಕಟ್ಟಿ, ಬಾಗಿಲು ಕಿಟಕಿ ತಾನೇ ಮಾಡಿ ಕೂರಿಸಿದಾಗ, ಅವಳು ಮೊದಲ ದಿನವೇ ಸುತ್ತಿಗೆ ಹಿಡಿದು ಕಂಡಕಂಡಲ್ಲಿ ಮೊಳೆ ಹೊಡೆದಳು.

"ನೇತುಹಾಕೋಕೆ ನಮ್ಮ ಹತ್ರ ಏನೂ ಇಲ್ವಲ್ಲೇ?" ಅಂದ ಬಡಗಿ.

"ಇಲ್ಲದಿದ್ರೇನಂತೆ? ಕೇಳೋರು ಯಾರು?"

ಆ ಮನೆ ಈಗ ಅವರದಾಗಿರಲಿಲ್ಲ. ಅದು ಅವಳಿಗೆ ಗೊತ್ತಿರಲಿಲ್ಲ.

ಕಿಡ್ನಿ ಕೈಕೊಟ್ಟು ಅವಳು ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾಗ ಬಡಗಿ ಮನೆಯನ್ನು ಒಬ್ಬ ಸಿಮೆಂಟ್ ವ್ಯಾಪಾರಿಗೆ ಮಾರಿದ್ದ. ಕೈಕಾಲು ಹಿಡಿದು, ಅದೇ ಮನೆಯಲ್ಲಿ ಬಾಡಿಗೆಗೆ ಇರಲು ಒಪ್ಪಿಗೆ ಪಡೆದಿದ್ದ. ವಾರವಾರ ಡಯಾಲಿಸಿಸ್‌ಗೆ ಹೋಗುವಾಗ ಅವಳು, "ಇದಕ್ಕೆಲ್ಲ ದುಡ್ಡು ಎಲ್ಲಿಂದ ಬರುತ್ರೀ?" ಎಂದು ಕೇಳಿದರೆ, "ನಮ್ಮ ಸಂಘದವರು ಕೊಡ್ತಾರೆ, ನಿನಗ್ಯಾಕೆ?" ಅನ್ನುತ್ತಿದ್ದ. ಮೂರು ವರ್ಷ ಆ ಸುಳ್ಳನ್ನು ಬೆಂಕಿಯ ಕೆಂಡದಂತೆ ಮಡಿಲಲ್ಲಿ ಕಟ್ಟಿಕೊಂಡು ಓಡಾಡಿದ.

ಅಂಥ ಹೊತ್ತಿನಲ್ಲಿ ಜನಗಣತಿ ಬಂತು. ಬಂದವರು ಹತ್ತಿರದ ಶಾಲೆಯ ಟೀಚರ್. ಮಕ್ಕಳ ಗದ್ದಲದ ಮೇಲೆ ಕೂಗಿ ಕೂಗಿ ಅವರ ದನಿ ಮೆಲ್ಲಗಾಗುವುದನ್ನೇ ಮರೆತಿತ್ತು. ಜಗಲಿಯಲ್ಲಿ ಕೂತು ಗೋಡೆ ಯಾವುದರದು, ನಲ್ಲಿ ಎಲ್ಲಿದೆ ಎಂದೆಲ್ಲ ಕೇಳಿ ಬರೆದುಕೊಂಡರು. ಒಳಗೆ ಬಾಗಿಲ ಪಕ್ಕದ ಮಂಚದಲ್ಲೇ ಹೆಂಡತಿ ಮಲಗಿದ್ದಳು.

"ಮನೆ ಸ್ವಂತದ್ದಾ, ಬಾಡಿಗೇದಾ ಯಜಮಾನ್ರೇ?"

ಬಡಗಿ ಒಮ್ಮೆ ಬಾಗಿಲ ಕಡೆ ನೋಡಿದ. ಸ್ವಂತ ಅಂದುಬಿಟ್ಟರೆ ಕತೆ ಮುಗಿಯಿತು. ಆದರೆ ಸರ್ಕಾರದ ಪುಸ್ತಕದಲ್ಲಿ ಸ್ವಂತವೆಂದು ಬರೆಸಿದ್ದು ವ್ಯಾಪಾರಿಯ ಕಿವಿಗೆ ಬಿದ್ದರೆ? ಮನೆ ಹೊಡೆದುಕೊಳ್ಳೋಕೆ ನೋಡ್ತಿದ್ದಾನೆ ಅಂತ ನಾಳೆಯೇ ಬೀದಿಗೆ ತಳ್ಳಿದರೆ? ಅವನು ಬಾಗಿ, ಗಾಳಿಗೂ ಕೇಳಿಸದಂತೆ, "ಬಾಡಿಗೆ" ಅಂದ.

"ಆಂ? ಬಾಡಿಗೆ ಅಂದ್ರಾ?"

ಒಳಗಿನಿಂದ ನಗು ಬಂತು. "ಅವರ ಮಾತು ಕೇಳ್ಬೇಡಿ ಟೀಚರ್! ವಯಸ್ಸಾಯ್ತು, ಬುದ್ಧಿ ಮಂಕಾಗಿದೆ. ಸ್ವಂತ ಮನೆ, ಸ್ವಂತ! ಅವರೇ ಕಟ್ಟಿದ್ದು!"

ಟೀಚರ್ ನಗುತ್ತ ಅವನ ಮುಖ ನೋಡಿದರು. ನಗು ಅಲ್ಲೇ ನಿಂತಿತು. ತಡವಾಗಿ, "ಹೌದಮ್ಮಾ, ಸ್ವಂತ ಅಂತಾನೇ ಬರ್ಕೊಂಡೆ" ಎಂದರು. ಆ ತಡವೇ ಸಾಕಾಯಿತು. ಒಳಗಿನ ದನಿ ಮತ್ತೆ ಬರಲಿಲ್ಲ.

ಟೀಚರ್ ಹೋದಮೇಲೂ ಬಡಗಿ ಚಪ್ಪಲಿ ಸರಿಮಾಡುತ್ತ, ಇಲ್ಲದ ಕಸ ಗುಡಿಸುತ್ತ ಹೊರಗೇ ಉಳಿದ. ಕೊನೆಗೆ ಒಳಗೆ ಹೋದಾಗ ಅವಳು ಸೂರು ನೋಡುತ್ತಿದ್ದಳು.

"ಯಾವಾಗ?"

"ನೀನು ಆಸ್ಪತ್ರೇಲಿದ್ದಾಗ ಕಣೆ. ಬೇರೆ ದಾರಿ ಇರ್ಲಿಲ್ಲ."

"ಸಂಘ?"

ಅವನು ಇಲ್ಲವೆಂದು ತಲೆಯಾಡಿಸಿದ.

"ಹಾಗಾದ್ರೆ ಇಷ್ಟು ದಿನ ನಾನು ನುಂಗಿದ್ದು ಮಾತ್ರೆ ಅಲ್ಲ," ಅಂದಳು. "ಈ ಮನೇನ."

ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ. ಯಾರಿಗೆ ಮಾರಿದಿರಿ, ಇನ್ನೆಷ್ಟು ದುಡ್ಡು ಉಳಿದಿದೆ ಎಂದು ನಿಧಾನವಾಗಿ ಕೇಳಿದಳು. ಮುಂದಿನ ಸಲ ಆಸ್ಪತ್ರೆಗೆ ಕರೆದೊಯ್ಯಲು ಆಟೋ ಬಂದು ಹಾರ್ನ್ ಹೊಡೆದಾಗ ಮಂಚದಿಂದ ಏಳಲಿಲ್ಲ.

"ವಾಪಸ್ ಕಳಿಸ್ರಿ ಅವನನ್ನ."

"ಹುಚ್ಚೇನೆ ನಿನಗೆ? ಮನೆ ಹೋದ್ರೆ ಹೋಯ್ತು, ಇನ್ನೊಂದು ಕಟ್ತೀನಿ."

"ಉಳಿ ಹಿಡಿದ್ರೆ ನಡುಗೋ ಕೈಲಿ? ಉಳಿದ ದುಡ್ಡು ನಿಮ್ಮ ಹೊಟ್ಟೆಗಿರಲಿ. ನನ್ನ ನಂತರವೂ ನಿಮಗೆ ಹಸಿವಾಗುತ್ತೆ."

ಅವನು ಅತ್ತ, ಗದರಿದ, ಎತ್ತಿಕೊಂಡು ಹೋಗಲೂ ನೋಡಿದ. ಅವಳು ಮಂಚದ ಕಟ್ಟು ಬಿಗಿಯಾಗಿ ಹಿಡಿದಳು. ಡಾಕ್ಟರು ಮನೆಗೇ ಬಂದು ತಿಳಿಹೇಳಿದರು. ಅವರಿಗೂ ಕೈಮುಗಿದಳು, ಅಷ್ಟೇ. ಕೈಕಾಲು ಊದಿತು, ಉಸಿರು ಗೊರಗೊರ ಅನ್ನತೊಡಗಿತು. ಮಾತಾಡಲು ಆಗುವಷ್ಟು ದಿನ, ಅವನು ತನ್ನಿಂದ ಮುಚ್ಚಿಟ್ಟದ್ದನ್ನೆಲ್ಲ ಹೇಳಿಸಿಕೊಂಡಳು: ಎಲ್ಲಿ ಸಹಿ ಹಾಕಿದ, ಹಾಕಿ ಬಂದು ಎಲ್ಲಿ ಕೂತು ಅತ್ತ ಅಂತ. "ಮೂರು ವರ್ಷ ಒಬ್ಬರೇ ಅತ್ತಿರಲ್ಲ, ಜಿಪುಣರು ನೀವು" ಅಂದು ಅವನ ತಲೆ ನೇವರಿಸಿದಳು. ಮರುದಿನದಿಂದ ಅವಳಿಗೆ ಯಾರ ಗುರುತೂ ಸಿಗಲಿಲ್ಲ. ಆ ವಾರವೇ ಹೋದಳು.

ಸುದ್ದಿ ತಿಳಿದು ಟೀಚರ್ ಬಂದರು. ಜಗಲಿಯಲ್ಲಿ ನಿಂತು, ಆ ಗಟ್ಟಿ ದನಿಯೇ ಒಡೆದು, "ನನ್ನ ಬಾಯಿಂದ ಆಗಿಹೋಯ್ತು ಯಜಮಾನ್ರೇ" ಎಂದರು.

ಬಡಗಿ ಅವರಿಗೆ ಕುರ್ಚಿ ಎಳೆದುಕೊಟ್ಟ. "ಇಲ್ಲ ಟೀಚರ್," ಅಂದ. "ನೀವು ಬರೋವರೆಗೂ ಬಾಡಿಗೆ ಮನೇಲಿ ನಾನೊಬ್ಬನೇ ಇದ್ದೆ. ಆಮೇಲೆ ಸ್ವಲ್ಪ ದಿನವಾದ್ರೂ ಅವಳೂ ಇದ್ದಳು."

ತಿಂಗಳು ತುಂಬುವ ಮೊದಲೇ ವ್ಯಾಪಾರಿ ಮನೆ ಕೆಡವಿ ಗೋದಾಮು ಕಟ್ಟುವುದಾಗಿ ಹೇಳಿಕಳಿಸಿದ. ಬಡಗಿ ಎದುರಾಡಲಿಲ್ಲ. ಮಂಚವನ್ನು ಬಿಚ್ಚಿ ಗಾಡಿಗೆ ಹಾಕಿ, ಮರದ ಡಿಪೋದ ಹಿಂದಿನ ಶೆಡ್ಡಿಗೆ ಹೋದ. ಅಲ್ಲಿ ಹಗಲು ಹಲಗೆ ಉಜ್ಜುತ್ತಾನೆ; ಊಟಕ್ಕೆ ಯಾರಾದರೂ ಕರೆದರೆ ಮಾತ್ರ ಏಳುತ್ತಾನೆ.