ನಲವತ್ತು ಲೋಟಗಳ ಮೇಲಿನ ತಾರೀಕು

ನಮ್ಮ ಅವ್ವ ಎರಡು ಸಲ ಸತ್ತಳು. ಒಮ್ಮೆ ಹೊಸಪೇಟೆ ನಗರಸಭೆಯ ದಪ್ಪ ರಿಜಿಸ್ಟರಿನಲ್ಲಿ. ಹನ್ನೊಂದನೆಯ ದಿನಕ್ಕೆ ಇನ್ನೊಮ್ಮೆ, ನಲವತ್ತು ಸ್ಟೀಲ್ ಲೋಟಗಳ ಹೊಟ್ಟೆಯ ಮೇಲೆ. ಮೊದಲನೆಯದಕ್ಕೆ ನಾವು ಅತ್ತೆವು. ಎರಡನೆಯದಕ್ಕೆ ಐದು ತಿಂಗಳು ಕಚೇರಿ ಅಲೆದೆವು.

ಇದು ಎರಡು ವರ್ಷದ ಹಿಂದಿನ ಮಾತು. ಆಗ ನನಗೆ ಇಪ್ಪತ್ತೊಂದು. ಮಗ ಕಾಮರ್ಸ್ ಕಲಿಯುತ್ತಾನೆ ಅಂತ ಅಪ್ಪ ಊರಿಗೆಲ್ಲ ಹೇಳುತ್ತಿದ್ದ. ಮಗ ಕಲಿತದ್ದು ಮಾಸ್ತರುಗಳ ದನಿ ಮಾತ್ರ. ಯಾರನ್ನಾದರೂ ಅರ್ಧ ತಾಸು ನೋಡಿದರೆ ಸಾಕು, ಅವರ ಕೆಮ್ಮು, ಸೀನು, ನಡಿಗೆ ನನ್ನ ಮೈಮೇಲೆ ಬಂದುಬಿಡುತ್ತಿದ್ದವು. ಸ್ವಂತದ್ದು ಅಂತ ನನ್ನ ಹತ್ತಿರ ಏನಿತ್ತೋ ನನಗೇ ಗೊತ್ತಿಲ್ಲ. ಮೂಗೊಂದು ಇತ್ತು, ಅದೂ ಸೋದರಮಾವನದು.

ಅಪ್ಪ ಟೇಲರ್. ಅಂಗಡಿ ಬಸ್‌ಸ್ಟ್ಯಾಂಡಿನ ಹಿಂದೆ. ಹೊಸಪೇಟೆಯ ಅರ್ಧ ಊರಿನ ಸೊಂಟದ ಅಳತೆ ಅವನ ಬಾಯಲ್ಲಿತ್ತು, ಆದರೆ ಹೊಲದ ಸರ್ವೆ ನಂಬರು ಗೊತ್ತಿರಲಿಲ್ಲ. ಹೊಲ ಅವ್ವನದು. ಮದುವೆಯಲ್ಲಿ ಮಗಳ ಅರಿಷಿಣ-ಕುಂಕುಮಕ್ಕೆ ಅಂತ ಕಂಪ್ಲಿಯ ತವರಿನವರು ಅವಳ ಹೆಸರಿಗೇ ಬರೆದುಕೊಟ್ಟದ್ದು. ಕೊಟ್ಟಾಗ ಅಲ್ಲಿ ಜಾಲಿ ಬಿಟ್ಟರೆ ಏನೂ ಏಳುತ್ತಿರಲಿಲ್ಲ, ಅದಕ್ಕೇ ಅಷ್ಟು ಧಾರಾಳ ಅಂತ ಅಪ್ಪನ ಕುಹಕ. ಆಮೇಲೆ ಕಾಲುವೆ ನೀರು ಬಂತು. ಜಾಲಿ ಹೋಗಿ ಕಬ್ಬು ಬಂತು. ಅವ್ವ ವಾರಕ್ಕೆರಡು ಸಲ ಕೆಂಪು ಬಸ್ಸು ಹತ್ತಿ ಕಂಪ್ಲಿಗೆ ಹೋಗಿ, ನೀರಿನ ಸರದಿಗೆ ಜಗಳ ತೆಗೆದು, ಸಂಜೆಗೆ ಸೆರಗಿನ ತುಂಬ ಕೆಸರು ಮಾಡಿಕೊಂಡು ಬರುತ್ತಿದ್ದಳು. ಅಪ್ಪ ಆ ಹೊಲಕ್ಕೆ ಹೋದದ್ದು ಎಣಿಸಿದರೆ ನಾಲ್ಕು ಸಲ; ಅದರಲ್ಲಿ ಎರಡು ಸಲ ಊಟಕ್ಕೆ.

ಆಷಾಢದಲ್ಲಿ ಅವ್ವ ಹೋದಳು. ಮೂರು ದಿನದ ಜ್ವರ. ಹನ್ನೊಂದನೆಯ ದಿನ ಶಿವಗಣಾರಾಧನೆ. ಮರುದಿನವೇ ಸಕ್ಕರೆ ಕಾರ್ಖಾನೆಯ ಫೀಲ್ಡ್‌ಮನ್ ಬಂದು ಜಗಲಿ ಮೇಲೆ ಕೂತು, ಸಮಾಧಾನದ ಮಾತು ಮುಗಿಸಿ, ಸೈಕಲ್ ಹತ್ತುವಾಗ ಹೇಳಿದ: "ಕಬ್ಬು ಅಕ್ಕಾರ ಹೆಸರಿಗೆ ನೋಂದಣಿ ಆಗೈತ್ರಿ. ಸತ್ತವ್ರ ಹೆಸರಿಗೆ ಕಟಾವಿನ ಪರ್ಮಿಟ್ ಕೊಡಂಗಿಲ್ಲ. ಜಲ್ದಿ ಖಾತಾ ನಿಮ್ಮ ಹೆಸರಿಗೆ ಮಾಡಿಸ್ರಿ. ದೀಪಾವಳಿ ದಾಟಿತಂದ್ರ ಸೂಲಂಗಿ ಬಿಡ್ತತಿ."

ಸೂಲಂಗಿ ಅಂದರೆ ಕಬ್ಬಿನ ತುದಿಯಲ್ಲಿ ಬರುವ ಬಿಳಿ ಗರಿ. ನೋಡಲು ಚೆಂದ. ಅದು ಬಂದಮೇಲೆ ಒಳಗಿನ ಸಿಹಿ ಇಳಿಯುತ್ತದೆ, ಕಬ್ಬು ಬೆಂಡಾಗುತ್ತದೆ. ಅವ್ವ ತನ್ನ ಕೈಯಾರೆ ನಾಟಿ ಮಾಡಿಸಿದ ಕೊನೆಯ ಬೆಳೆ ಅದು. ಅಷ್ಟು ಸಾಕಿತ್ತು ಅಪ್ಪನಿಗೆ. "ಆಕಿ ಕಬ್ಬು ಬೆಂಡಾಗಾಕ ಬಿಡಂಗಿಲ್ಲ," ಅಂದ.

"ಒಬ್ಬ ವಕೀಲರನ್ನ ಹಿಡಿಯೋಣಪ್ಪ," ಅಂದೆ.

"ಯಾಕ? ನಿಮ್ಮವ್ವ ಇಷ್ಟು ವರ್ಷ ಎಷ್ಟು ಮಂದಿ ವಕೀಲರನ್ನ ಇಟ್ಕಂಡಿದ್ಲು?"

"ಅವ್ವಗ ಎಲ್ಲಾ ಗೊತ್ತಿತ್ತು."

"ನನಗ ಏನೂ ಗೊತ್ತಿಲ್ಲ ಅಂತೀ ಏನ್ಲೇ?"

ಅಪ್ಪನೇ ಒಂದು ಹಳೆಯ ಕ್ಯಾಲೆಂಡರಿನ ಹಿಂದೆ ಪಟ್ಟಿ ಬರೆದ: ಮರಣ ಪತ್ರ, ಪಹಣಿ, ವಂಶವೃಕ್ಷ, ಮಾವನ ಹೇಳಿಕೆ. ಬರೆದು, ರೂಢಿಯಂತೆ ಕೆಳಗೆ ಒಂದು ತಾರೀಕು ಹಾಕಿ ಗೆರೆ ಎಳೆದ. ಹದಿನೈದು ದಿನದಲ್ಲಿ ಮುಗಿಯುವ ಕೆಲಸ ಅಂತ. ಅಂಗಡಿಯ ಅಳತೆಯ ಪುಸ್ತಕದಲ್ಲೂ ಅವನು ಗಿರಾಕಿಯ ಹೆಸರಿನ ಕೆಳಗೆ ಹಾಗೇ ತಾರೀಕು ಹಾಕುವುದು. ಆ ದಿನ ಬಂದ ಗಿರಾಕಿಗೆ "ಗುಂಡಿ ಕಾಜಾ ಒಂದ ಬಾಕಿ ಐತ್ರಿ, ನಾಳೆ ಬರ್ರಿ" ಅನ್ನುವುದು. ಇಪ್ಪತ್ತೈದು ವರ್ಷ ಊರಿಗೆ ಹೇಳಿದ್ದನ್ನು ಈಗ ಕಂಪ್ಲಿಯ ಗ್ರಾಮಲೆಕ್ಕಿಗ ಅಪ್ಪನಿಗೆ ಬಡ್ಡಿಸಮೇತ ವಾಪಸು ಕೊಡುವವನಿದ್ದ.

ಗ್ರಾಮಲೆಕ್ಕಿಗ ದಪ್ಪ ಕನ್ನಡಕದ, ಸಣ್ಣ ಕೈಕಾಲಿನ ಮನುಷ್ಯ. ರಬ್ಬರ್ ಸ್ಟ್ಯಾಂಪು ಎತ್ತಿ, ಅದಕ್ಕೆ "ಹಾ...ಹ್" ಅಂತ ಬಿಸಿ ಉಸಿರು ಬಿಟ್ಟು, ಕಾಗದದ ಮೇಲೆ ತಂದು, ಒತ್ತದೆ ಮತ್ತೆ ಕೆಳಗಿಡುತ್ತಿದ್ದ. ನಮ್ಮ ಕಾಗದದ ಮೇಲೆ ಆ ಉಸಿರು ಏಳು ಸಲ ಬಿದ್ದಿದೆ. ಮುದ್ರೆ ಬೀಳಲಿಲ್ಲ.

ಮೊದಲ ತಕರಾರು: ಪಹಣಿಯಲ್ಲಿ ಅವ್ವ ತನ್ನ ಅಪ್ಪನ ಮಗಳು. ನಮ್ಮಪ್ಪನ ಹೆಂಡತಿ ಅಂತ ಎಲ್ಲೂ ಇಲ್ಲ.

"ಈಕಿ ನಿಮ್ಮ ಹೆಂಡ್ತಿ ಅನ್ನಾಕ ಏನೈತ್ರಿ?"

ಅಪ್ಪ ನನ್ನನ್ನು ಮುಂದಕ್ಕೆ ತಳ್ಳಿದ. "ಇವ ಅದಾನಲ್ರಿ."

ಲೆಕ್ಕಿಗ ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಬಾಯಿ ಇರೋ ಪುರಾವೆ ಬ್ಯಾಡ್ರಿ, ಕಾಗದ ತರ್ರಿ," ಅಂದ. ಅರ್ಧ ದಿನದಲ್ಲೇ ನನ್ನನ್ನು ಗುರುತಿಸಿದ್ದ, ಪುಣ್ಯಾತ್ಮ.

ಸರಿ, ಮಾವನೇ ಹೇಳಿಕೆ ಕೊಡಬೇಕು ಅಂತಾಯಿತು. ಮಾವ ಒಳ್ಳೆಯವನು. ಅಕ್ಕನ ಹೊಲ ಅಕ್ಕನ ಮನೆಗೇ ಹೋಗಲಿ ಅಂತ ಒಂದೇ ಮಾತಿಗೆ ಒಪ್ಪಿದ. ಲೆಕ್ಕಿಗನನ್ನು ಮಾವನ ಮನೆಗೇ ಕರೆಸಿ ಪಂಚನಾಮೆ ಮಾಡಿಸಿದೆವು. "ಹಂಪಿ ಬಜಾರದ ಕಲ್ಲಿನ ಮಂಟಪದಾಗ ಇವರ ಲಗ್ನ ಆತು. ನಾನ ನಿಂತು ಅಕ್ಕಿಕಾಳು ಹಾಕೀನಿ," ಅಂತ ಮಾವ ಹೇಳಿದ, ಲೆಕ್ಕಿಗ ಬರೆದ. ಅಪ್ಪ ಸಹಿ ಮಾಡಿದ. ನಾನು ಸಹಿ ಮಾಡಿದೆ. ಲೆಕ್ಕಿಗ ಚೀಲದಿಂದ ಸ್ಟ್ಯಾಂಪು ತೆಗೆದ. ಬಿಸಿಲಿಗೆ ಬಾಯಿ ಒಣಗಿತ್ತೇನೋ, "ಒಂದ್ ಲೋಟ ನೀರು ಕೊಡ್ರಿ," ಅಂದ.

ಮಾವ ನೀರು ತಂದುಕೊಟ್ಟದ್ದು ನಮ್ಮ ಲೋಟದಲ್ಲಿ.

ಆರಾಧನೆಯ ದಿನ ಬಂದ ಬೀಗರಿಗೆಲ್ಲ ಅವ್ವನ ನೆನಪಿಗೆ ಅಂತ ಹಂಚಿದ ಸ್ಟೀಲ್ ಲೋಟಗಳವು. ಮೇಲೆ ಅವ್ವನ ಹೆಸರು, "ಶಿವೈಕ್ಯ" ಅಂತ, ಕೆಳಗೆ ತಾರೀಕು ಕೊರೆಸಿತ್ತು. ಲೆಕ್ಕಿಗ ನೀರು ಕುಡಿದ. ಲೋಟವನ್ನು ಬೆಳಕಿಗೆ ಹಿಡಿದ. ಮರಣ ಪತ್ರ ತೆಗೆದು ಪಕ್ಕಕ್ಕಿಟ್ಟ. ಮತ್ತೆ ಲೋಟ ನೋಡಿದ.

"ಇದರಾಗ ಒಂದು ತಾರೀಕು, ಅದರಾಗ ಒಂದು ತಾರೀಕು. ನಿಮ್ಮ ಹೆಣ್ಮಗಳು ಯಾವತ್ತು ತೀರಿಕೊಂಡ್ರು?"

ಅಪ್ಪ ಅವನ ಕೈಯಿಂದ ಲೋಟ ತೆಗೆದುಕೊಂಡು ತಾರೀಕಿನ ಮೇಲೆ ಬೆರಳಾಡಿಸಿದ. ನನಗೂ ಆಗಲೇ ಹೊಳೆದದ್ದು. ಪಾತ್ರೆ ಅಂಗಡಿಗೆ ಕೊಡಲು ಅಪ್ಪ ಒಂದು ಚೀಟಿ ಬರೆದಿದ್ದ. ಮೇಲೆ ಹೆಸರು, ಅದರ ಕೆಳಗೆ, ಇಪ್ಪತ್ತೈದು ವರ್ಷದ ಕೈರೂಢಿಯಂತೆ, ಮಾಲು ಕೈಗೆ ಬೇಕಾದ ದಿನ. ಅಂದರೆ ಆರಾಧನೆಯ ದಿನ. ಕೊರೆಯುವವನು ಚೀಟಿಯಲ್ಲಿದ್ದದ್ದನ್ನು ಇದ್ದಹಾಗೆ ಕೊರೆದಿದ್ದ. ನಲವತ್ತು ಲೋಟ ಹಂಚುವಾಗ ನಾವ್ಯಾರೂ ಓದಿರಲಿಲ್ಲ. ಓದುವ ಕಣ್ಣು ಆಗ ಯಾರಿಗಿತ್ತು?

"ಅದು ತಪ್ಪಾಗೈತ್ರಿ," ಅಂದ ಅಪ್ಪ.

"ಆಗಿರಬೌದು. ನಲವತ್ತು ಮನಿಯಾಗ ಈ ಪುರಾವೆ ಐತಿ. ನಾಳೆ ಯಾರರ ಒಬ್ಬ ಲೋಟ ಹಿಡ್ಕಂಡು ತಕರಾರು ಅರ್ಜಿ ಹಾಕಿದ್ರ? ಕಾಗದ ಬರೆದಿದ್ದು, ಇದು ಕೊರೆದಿದ್ದು. ನೋಡಿದ ಡಾಕ್ಟರ್ ಚೀಟಿ ತರ್ರಿ."

ಸ್ಟ್ಯಾಂಪು ಚೀಲಕ್ಕೆ ಹೋಯಿತು. ಲೋಟ ಮಾತ್ರ ಅಪ್ಪನ ಕೈಯಲ್ಲೇ ಉಳಿಯಿತು.

ಅವತ್ತು ಬಸ್ಸಿಗೆ ಕಾಯುವಾಗ ನನಗೆ ಸಿಟ್ಟು ನೆತ್ತಿಗೇರಿತ್ತು. ಚಹಾದಂಗಡಿಯಲ್ಲಿ ಕೂತ ನಾಲ್ಕು ಮಂದಿ ಎದುರು ಚಹಾದ ಲೋಟವನ್ನು ಸ್ಟ್ಯಾಂಪಿನಂತೆ ಎತ್ತಿ, ಕಣ್ಣು ಕಿರಿದು ಮಾಡಿ, "ಹಾ...ಹ್, ಬಾಯಿ ಇರೋ ಪುರಾವೆ ಬ್ಯಾಡ್ರಿ!" ಅಂದೆ. ನಕ್ಕರು. ಹುರುಪಿನಿಂದ ಎದ್ದು ನಿಂತು ನಡಿಗೆಯನ್ನೂ ತೋರಿಸಿದೆ. ನಗು ಗಪ್ಪನೆ ನಿಂತಿತು. ತಿರುಗಿದರೆ ಲೆಕ್ಕಿಗ ಬೀಡಾ ಅಂಗಡಿಯ ಮುಂದೆ ನಿಂತಿದ್ದಾನೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಡಿಗಿ ಇನ್ನಾ ಕೂಡಿಲ್ಲ," ಅಂದು ಹೋದ. ಆ ಒಂದು ನಡಿಗೆಗೆ ನಮ್ಮ ಫೈಲು ಮೂರು ವಾರ ಕಪಾಟಿನಲ್ಲಿ ಮಲಗಿತು.

ಅವ್ವನನ್ನು ನೋಡಿದ್ದ ಡಾಕ್ಟರು ಅಷ್ಟರಲ್ಲಿ ಸಂಡೂರಿಗೆ ಹೋಗಿದ್ದರು, ಗಣಿಯ ಕಡೆಯ ದವಾಖಾನೆಗೆ. ಎರಡು ಸಲ ಹೋದೆವು. ಮೊದಲ ಸಲ ಅವರು ರಜೆ. ಎರಡನೆಯ ಸಲ ಸಿಕ್ಕರು, ನೆನಪಿದೆ ಅಂದರು. ತಾರೀಕು ಬರೆದ ಪುಸ್ತಕ ಹೊಸಪೇಟೆಯಲ್ಲೇ ಬಿಟ್ಟಿದ್ದೇನೆ, ಪುಸ್ತಕ ನೋಡದೆ ಬರೆಯಲಾರೆ ಅಂದರು. ಅದಿರು ಲಾರಿಗಳ ಹಿಂದೆ ವಾಪಸು ಬಂದು ಇಳಿದಾಗ ಅಪ್ಪನ ಬಿಳಿ ಅಂಗಿ ಇಟ್ಟಂಗಿ ಬಣ್ಣವಾಗಿತ್ತು. ಬಾಡಿಗೆಗಿದ್ದ ಹಳೆಯ ದವಾಖಾನೆಯಲ್ಲಿ ಈಗ ಹಿಟ್ಟಿನ ಗಿರಣಿ ನಡೆದಿತ್ತು. ಪುಸ್ತಕ ಏನಾಯಿತು ಅಂತ ಕೇಳಿದರೆ ಗಿರಣಿಯವನು ತೂಕದ ಕಲ್ಲು ತೋರಿಸಿದ; ರದ್ದಿಗೆ ಹೋಗಿತ್ತು.

ದೀಪಾವಳಿ ದಾಟಿತು. ಫೀಲ್ಡ್‌ಮನ್ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸದೆಯೇ, "ಮೂಡಣ ಬದುವಿಗೆ ಬಿಟ್ಟೈತ್ರಿ," ಅಂತ ಕೂಗಿ ಹೋದ. ಸೂಲಂಗಿ. ಅಪ್ಪ ಹೊಲಿಗೆ ಯಂತ್ರದ ಮುಂದೆ ಕೂತಿದ್ದವನು ಕಾಲು ನಿಲ್ಲಿಸಿದ. ಎದುರಿನ ಗೋಡೆಯ ಗೂಡಿನಲ್ಲಿಟ್ಟ, ಕಂಪ್ಲಿಯಿಂದ ತಂದ ಆ ಲೋಟವನ್ನೇ ನೋಡುತ್ತ ಕೂತ. ಆಮೇಲೆ ಎದ್ದು ಅಳತೆಯ ಪುಸ್ತಕ ಕಂಕುಳಿಗೆ ಸೇರಿಸಿದ.

"ನಡಿ."

"ಎಲ್ಲಿಗೆ?"

"ಪುರಾವೆ ಬೇಕಂತಲ್ಲ ಆ ಲೆಕ್ಕಿಗಗ. ಪುಸ್ತಕ ತೋರಸೋಣು."

ಆ ಲೆಕ್ಕಿಗ ಶ್ರಾವಣದಲ್ಲಿ, ಜಗಳಕ್ಕೆ ಮೊದಲು, ಅಪ್ಪ ಟೇಲರ್ ಅಂತ ತಿಳಿದು ಪ್ಯಾಂಟಿನ ಬಟ್ಟೆ ಕೊಟ್ಟಿದ್ದ. ಲೋಟದ ಗಲಾಟೆಯಾದ ಮೇಲೆ ಅಪ್ಪ ಅದನ್ನು ಕತ್ತರಿಸಲೇ ಇಲ್ಲ. ಅವನ ಕಪಾಟಿನಲ್ಲಿ ನಮ್ಮ ಫೈಲು, ನಮ್ಮ ಕಪಾಟಿನಲ್ಲಿ ಅವನ ಬಟ್ಟೆ ಮಲಗಿತ್ತು.

ಅವತ್ತು ಕಚೇರಿಯಲ್ಲಿ ಏಳೆಂಟು ರೈತರಿದ್ದರು. ಅಪ್ಪ ಯಾರನ್ನೂ ಕೇಳದೆ ಮೇಜಿನ ಮೇಲೆ ಪುಸ್ತಕ ಬಿಚ್ಚಿ, ಹಾಳೆ ತಿರುವಿ, ಬೆರಳಿಟ್ಟ.

"ಓದ್ರಿ ಸಾಹೇಬ್ರ. ಯಾರ ಹೆಸರು?"

"ನಂದು."

"ಕೆಳಗ?"

"ತಾರೀಕು."

"ಭಾದ್ರಪದದಾಗಿನ ತಾರೀಕು. ಅವತ್ತು ನೀವು ತೀರಿಕೊಂಡ್ರೇನ್ರಿ?"

ಒಬ್ಬ ರೈತ ಕೆಮ್ಮಿದ. ಅದು ನಗು ಅಂತ ಎಲ್ಲರಿಗೂ ಗೊತ್ತಾಯಿತು.

"ಏನ್ ಮಾತಾಡ್ತೀರಿ ನೀವು?"

"ನಾ ಹಿಂಗ ಬರೀತೀನ್ರಿ. ಮ್ಯಾಲ ಹೆಸರು, ಕೆಳಗ ಮಾಲು ಕೊಡೋ ದಿನ. ತಿರುವಿ ನೋಡ್ರಿ, ಇಡೀ ಹೊಸಪ್ಯಾಟಿ ಹಿಂಗ ಐತಿ. ಹೆಂಡ್ತಿ ಹೆಣ ಎತ್ತಿದ ಮ್ಯಾಲೂ ಈ ಹಾಳಾದ ಕೈ ಹಿಂಗ ಬರೀತು. ತಪ್ಪು ನಂದು. ಆಕಿದಲ್ಲ, ಕಬ್ಬಿಂದೂ ಅಲ್ಲ."

ಲೆಕ್ಕಿಗ ಹಾಳೆ ತಿರುವಿದ. ಇನ್ನೊಂದು ತಿರುವಿದ. ಬಹಳ ಹೊತ್ತು ಓದಿದ. ಯಾರ ಸೊಂಟ ಎಷ್ಟಿದೆ ಅಂತ ನೋಡುತ್ತಿದ್ದನೋ ಏನೋ. ಆಮೇಲೆ ಕಪಾಟಿನಿಂದ ಫೈಲು ತೆಗೆದು, ಸ್ಟ್ಯಾಂಪು ಎತ್ತಿ, "ಹಾ...ಹ್" ಅಂದ. ಒತ್ತಿದ.

"ನನ್ನ ಪ್ಯಾಂಟು?"

"ಕಾಜಾ ಒಂದ ಬಾಕಿ ಐತ್ರಿ," ಅಂದ ಅಪ್ಪ.

ಮುದ್ರೆ ಬಿದ್ದ ಮೇಲೂ ತಕರಾರಿನ ಅವಧಿ ಅಂತ ಮೂವತ್ತು ದಿನ ನೋಟಿಸು ಅಂಟಿಸಬೇಕಿತ್ತು. ಯಾರೂ ಲೋಟ ಹಿಡಿದುಕೊಂಡು ಬರಲಿಲ್ಲ. ಸೂಲಂಗಿ ಮಾತ್ರ ನೋಟಿಸಿಗೆ ಕಾಯಲಿಲ್ಲ.

ಹೊಸ ಪಹಣಿ ಕೈಗೆ ಬಂದ ದಿನ ಅಪ್ಪ ಅದನ್ನು ಬಸ್‌ಸ್ಟ್ಯಾಂಡಿನಲ್ಲೇ ನಿಂತು ಓದಿದ. ಅವನ ಹೆಸರಿತ್ತು, ನನ್ನದಿತ್ತು. ಅವ್ವನ ಹೆಸರಿಗೆ ಎರಡೂ ಕಡೆ ಕಂಸ ಹಾಕಿ, ಅಡ್ಡ ಒಂದು ಗೆರೆ ಎಳೆದಿದ್ದರು.

"ಇದಕ್ಕನ ನಾವು ಐದು ತಿಂಗಳು ತಿರುಗಿದ್ದು?" ಅಂದ.

ಕಾಗದ ಮಡಚಲು ಬರಲಿಲ್ಲ ಅವನಿಗೆ. ಜೀವಮಾನವಿಡೀ ಬಟ್ಟೆ ಮಡಚಿದವನಿಗೆ. ನಾನೇ ಮಡಚಿ ಜೇಬಿಗಿಟ್ಟೆ.

ಪರ್ಮಿಟ್ ಸಿಕ್ಕಿ ಹೊಲಕ್ಕೆ ಹೋದಾಗ ಕಬ್ಬಿನ ಅರ್ಧ ಬಿಳಿಯಾಗಿತ್ತು. ಆ ಅರ್ಧ ಗಾಣಕ್ಕೆ, ಉಳಿದದ್ದು ಕಾರ್ಖಾನೆಗೆ ಅಂತ ಫೀಲ್ಡ್‌ಮನ್ ತೀರ್ಮಾನ ಮಾಡಿದ. ಕಡಿಯುವ ಗುಂಪು ಕುಡುಗೋಲು ಹಿಡಿದು ಸಾಲಾಗಿ ನಿಂತಿತ್ತು, ಕಡಿಯುತ್ತಿರಲಿಲ್ಲ.

"ಯಾಕ ನಿಂತ್ರಿ?" ಅಂದ ಅಪ್ಪ.

ಗುಂಪಿನ ಮೇಸ್ತ್ರಿ ಹೆಂಗಸು, ವಯಸ್ಸಾದವಳು, ತಲೆ ಕೆರೆದುಕೊಂಡಳು. "ಅಕ್ಕಾರು ಪ್ರತಿ ವರ್ಷ ಬದುವಿನ ಮ್ಯಾಲ ನಿಂತು 'ಹಾಕ್ರೆವ್ವಾ ಕೈಯಿ!' ಅಂತಿದ್ರು. ಆಮ್ಯಾಲ ನಾವು ಹಾಕೋದು."

ಅಪ್ಪ ನನ್ನ ಕಡೆ ತಿರುಗಿದ. "ಎಲ್ಲರದೂ ಮಾಡ್ತೀಯಲ್ಲ. ಮಾಡ್ಲೇ ನಿಮ್ಮವ್ವಂದು."

ಬದು ಹತ್ತಿದೆ. ಸೊಂಟಕ್ಕೆ ಕೈಯಿಟ್ಟೆ. ಅವಳ ನಿಲುವು ಬಂತು, ಸೆರಗು ಸಿಕ್ಕಿಸುವ ಬೆರಳು ಬಂತು. ಬಾಯಿ ತೆರೆದೆ. "ಹಾಕ್ರೆವ್ವಾ ಕೈಯಿ!" ಅಂತ ಹೊರಬಂದದ್ದು ನನ್ನದೇ ದನಿ, ಯಾವ ಕೆಲಸಕ್ಕೂ ಬಾರದ ದನಿ.

ಮೇಸ್ತ್ರಿ ತಲೆ ಅಲ್ಲಾಡಿಸಿದಳು. "ಹೋಗ್ಲಿ ಬಿಡಪ್ಪಾ, ಅಕ್ಕಾರಂಗ ಬರಲಿಲ್ಲ," ಅಂದು ಮೊದಲ ಕಬ್ಬಿನ ಬುಡಕ್ಕೆ ಕುಡುಗೋಲು ಹಾಕಿದಳು.